ಎಂಟರ ಪಕ್ಕದ ಜಾಗ

ಚಾಮರಾಜನಗರದ ಬಸ್ಸಿನ ಕಂಡಕ್ಟರು ಒದ್ದೆ ಬಟ್ಟೆ ಸುತ್ತಿದ ಪೊಟ್ಟಣವನ್ನು ಜಗುಲಿಯ ಮೇಲಿಟ್ಟು, "ತಕ್ಕಳವ್ವ, ನಿಮ್ಮ ಸೂಜಿಮದ್ದು. ನನ್ನ ಮಗೀನೂ ಇಷ್ಟು ಜ್ವಾಪಾನವಾಗಿ ಎತ್ಕಂಡಿಲ್ಲ" ಎಂದು ಹೇಳಿ ಹೋದಾಗ ಶಾಂತಮಲ್ಲಮ್ಮನಿಗೆ ಹೋದ ಜೀವ ಬಂದಂತಾಯಿತು. ಗಾಜಿನ ಸಿರಿಂಜು ಒಲೆಯ ಮೇಲೆ ಆಗಲೇ ಕುದಿಯುತ್ತಿತ್ತು. ಬೆಳಗಿನಿಂದ ಅದನ್ನು ಕುದಿಸುವುದು, ಆರಿಸುವುದು, ಬಾಗಿಲ ಕಡೆ ನೋಡುವುದು, ಮತ್ತೆ ಕುದಿಸುವುದು, ಇದೇ ಆಗಿತ್ತು ಅವಳಿಗೆ.

ಒಳಗೆ ಚಾಪೆಯ ಮೇಲೆ ತಂಗಿ ಗಂಗಾಂಬಿಕೆ ಮಲಗಿದ್ದಳು. ಹತ್ತು ವರ್ಷದ ಹುಡುಗಿ ಒಣಗಿದ ಸೀಗೆಕಡ್ಡಿಯಂತೆ ಆಗಿದ್ದಳು. ನೀರು ಬೇಕು ಅನ್ನುವಳು, ಕುಡಿದದ್ದನ್ನು ಕಕ್ಕುವಳು, ಮತ್ತೆ ನೀರು ಅನ್ನುವಳು. ಅವಳ ಉಸಿರಿನಲ್ಲಿ ಕೊಳೆಯುವ ಬಾಳೆಹಣ್ಣಿನ ವಾಸನೆ. ಆ ವಾಸನೆ ಶಾಂತಮಲ್ಲಮ್ಮನಿಗೆ ಗೊತ್ತಿತ್ತು. ಯುಗಾದಿಯ ಹೊತ್ತಿಗೆ ಇದೇ ವಾಸನೆ ಬರುತ್ತಿದ್ದ ಮಗುವನ್ನು ಅಪ್ಪ ಹೆಗಲ ಮೇಲೆ ಹಾಕಿಕೊಂಡು ಮೈಸೂರಿಗೆ ಓಡಿದ್ದರು. ಅಲ್ಲಿಯ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಮಕ್ಕಳಿಗೂ ಬರುತ್ತದೆ, ಬಂದರೆ ಬದುಕಿರುವಷ್ಟು ದಿನವೂ ಸೂಜಿ ಬೇಕು ಎಂದರು. ಒಂದು ಹೊತ್ತೂ ತಪ್ಪಿಸಬೇಡಿ ಎಂದರು.

ಆ ಸೂಜಿ ತಪ್ಪಿ ಇದು ಎರಡನೆಯ ದಿನ. ಅಪ್ಪ ಪುಟ್ಟಬಸಪ್ಪ ಅರಿಶಿನದ ವ್ಯಾಪಾರದವರು. ಮದ್ದು ಮುಗಿಯುವುದರೊಳಗೆ ಬಂದುಬಿಡುತ್ತೇನೆಂದು ಲಾರಿಯ ಜೊತೆ ಕಲ್ಲಿಕೋಟೆಗೆ ಹೋದವರು, ಆಷಾಢದ ಮಳೆಗೆ ಘಾಟಿಯಲ್ಲಿ ಗುಡ್ಡ ಕುಸಿದು ಆಚೆಯೇ ಸಿಕ್ಕಿಕೊಂಡಿದ್ದರು. ಗುಂಡ್ಲುಪೇಟೆಯಲ್ಲಿ ಈ ಮದ್ದು ಸಿಕ್ಕುವುದಿಲ್ಲ. ಊರಿನ ಡಾಕ್ಟರು ರಜೆಯ ಮೇಲಿದ್ದರು. ಅದಕ್ಕೇ ಕಂಡಕ್ಟರ ಕೈಯಲ್ಲಿ ಚಾಮರಾಜನಗರದಿಂದ ತರಿಸಿದ್ದು.

ಶಾಂತಮಲ್ಲಮ್ಮ ಸಿರಿಂಜನ್ನು ಆರಲು ಬಿಟ್ಟು ಬಾಟಲಿಯನ್ನು ಬೆಳಕಿಗೆ ಹಿಡಿದಳು. ಒಳಗೆ ನೀರಿನಂತೆ ತಿಳಿಯಾದ ಮದ್ದು. ಮೇಲೆ ಅಂಟಿಸಿದ ಕಾಗದದಲ್ಲಿ ಇಂಗ್ಲಿಷು ಅಕ್ಷರ, ಅದರ ನಡುವೆ ದಪ್ಪನಾಗಿ ಒಂದು ಅಂಕಿ: ಎಂಬತ್ತು.

ಅವಳ ಕೈ ಅಲ್ಲೇ ನಿಂತಿತು.

ಮೈಸೂರಿನ ಆಸ್ಪತ್ರೆಯಲ್ಲಿ ತಂಗಿಯ ಮಂಚದ ಕೆಳಗೆ ಮಲಗಿದ್ದ ದಿನಗಳಲ್ಲಿ ಅವಳು ಯಾರನ್ನೂ ಒಂದು ಮಾತು ಕೇಳಿದವಳಲ್ಲ. ಆದರೆ ನೋಡುತ್ತಿದ್ದಳು. ಪಕ್ಕದ ಮಂಚದ ಮುದುಕರಿಗೂ ಇದೇ ಕಾಯಿಲೆ. ಅವರ ಬಾಟಲಿಯನ್ನು ಯಾರೋ ಗಂಗಾಂಬಿಕೆಯ ತಲೆದೆಸೆಯಲ್ಲಿಟ್ಟಾಗ ಅಲ್ಲಿಯ ನರ್ಸು ಕೆಂಡಾಮಂಡಲವಾಗಿದ್ದಳು. "ಇದು ಬೇರೆ, ಅದು ಬೇರೆ. ಒಂದರ ಬದ್ಲು ಇನ್ನೊಂದು ಎಳೆದ್ರೆ ಮಲಗಿದ ಮಗು ಏಳಲ್ಲ" ಎಂದಿದ್ದಳು. ಗಟ್ಟಿ ಮಜ್ಜಿಗೆ, ನೀರುಮಜ್ಜಿಗೆ ಇದ್ದ ಹಾಗೆ ಈ ಮದ್ದಿನಲ್ಲೂ ಇರಬೇಕೆಂದು ಆಗ ಶಾಂತಮಲ್ಲಮ್ಮನಿಗೆ ಅನಿಸಿತ್ತು. ಅನಿಸಿ ಮರೆತೂ ಹೋಗಿತ್ತು.

ದೇವರ ಗೂಡಿನಿಂದ ಮೈಸೂರಿನ ಚೀಟಿ ತೆಗೆದಳು. ಮೂರನೆಯ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಇಂಗ್ಲಿಷು ಬಾರದು, ಅಂಕಿ ಬರುತ್ತಿತ್ತು. ಡಾಕ್ಟರು ಬರೆದಿದ್ದ ಅಂಕಿ ಎಂಟು. ಹೊತ್ತಾರೆ ಒಂದು ಸಲ, ಸಂಜೆ ಒಂದು ಸಲ, ಊಟಕ್ಕೆ ಮುಂಚೆ. ಅಷ್ಟನ್ನು ನರ್ಸು ಬಾಯಲ್ಲಿ ಹೇಳಿ, ಸಿರಿಂಜಿನ ಎಂಟನೆಯ ಗೆರೆ ತೋರಿಸಿ, "ಇಲ್ಲೀವರೆಗೆ ಎಳಿ, ಅಷ್ಟೇ" ಎಂದಿದ್ದಳು. ಇಷ್ಟು ದಿನವೂ ಹಾಗೇ ಎಳೆದದ್ದಾಯಿತು, ಹಾಗೇ ಚುಚ್ಚಿದ್ದಾಯಿತು. ಇವತ್ತು ನೋಡಿದರೆ ಎಂಟರ ಪಕ್ಕದ ಜಾಗ ಬರಿದು. ಎಂಟು ಏನು? ಯಾವ ಬಾಟಲಿಯಿಂದ ಎಂಟು? ಹಳೆಯ ಬಾಟಲಿಯ ಮೇಲೆ ಎಷ್ಟಿತ್ತು?

ಇದ್ದೇ ಇರಬೇಕು ಒಂದು ಅಂಕಿ. ಆದರೆ ಅವಳು ಗೆರೆ ನೋಡಿದ್ದಳೇ ಹೊರತು ಬಾಟಲಿಯನ್ನು ನೋಡಿರಲಿಲ್ಲ. ನೋಡು ಎಂದು ಯಾರೂ ಹೇಳಿರಲಿಲ್ಲ.

"ಅಜ್ಜಿ, ಹಳೆ ಸೀಸೆಗಳು ಎಲ್ಲಿ ಅವೆ?"

ಅಜ್ಜಿ ದೊಡ್ಡಮಲ್ಲಮ್ಮ ಮೊಮ್ಮಗಳ ಅಂಗಾಲು ಉಜ್ಜುತ್ತಿದ್ದವಳು ತಲೆಯೆತ್ತಿದಳು. "ಎಲ್ಲಿರ್ತವೆ, ಅಡಿಗೆ ಮನೇಲಿ. ಒಂದ್ರಲ್ಲಿ ಹರಳೆಣ್ಣೆ, ಒಂದ್ರಲ್ಲಿ ಈಬೂತಿ. ಇನ್ನೊಂದೆರಡ ಬೀದಿಯೋರು ಕೇಳುದ್ರು, ಕೊಟ್ಟೆ. ಯಾಕಮ್ಮಿ?"

ಅಜ್ಜಿಯ ಕೈಗೆ ಒಂದು ಖಾಲಿ ಸೀಸೆ ಬಂದರೆ ಸಾಕು, ಬೂದಿ ಹುಣಸೆಹಣ್ಣು ಹಾಕಿ ಗಾಜು ಕಿರುಗುಟ್ಟುವವರೆಗೆ ತಿಕ್ಕುವಳು. ಕಾಯಿಲೆಯ ಸೀಸೆಯಾದರಂತೂ ಇನ್ನೂ ಎರಡು ಸಲ ಹೆಚ್ಚು. ರೋಗದ ಗುರುತು ಮನೆಯಲ್ಲಿ ಉಳಿಯಬಾರದು ಎಂಬುದು ಅವಳ ಮಾತು. ಶಾಂತಮಲ್ಲಮ್ಮ ಅಡಿಗೆಮನೆಗೆ ಓಡಿ ಗೂಡೆಲ್ಲ ತಡಕಿದಳು. ಬೀದಿಯ ಎರಡು ಮನೆಗೆ, ಎಂದೂ ತಾನಾಗಿ ಬಾಗಿಲು ತಟ್ಟದವಳು, ಹೋಗಿ ಕೇಳಿದಳು. ಪಕ್ಕದ ಮನೆಯ ಕರಿಯಮ್ಮ ಕುಂಕುಮದ ಸೀಸೆ ತಂದು ತೋರಿಸಿ, "ಲೇಬಲ್ಲಾ? ನಿಮ್ಮಜ್ಜಿ ತಿಕ್ಕುದ್ರೆ ಲೇಬಲ್ ಇರ್ಲಿ, ಗಾಜು ಉಳ್ದಿರೋದೇ ನಮ್ಮ ಪುಣ್ಯ ಕಣಮ್ಮಿ" ಎಂದಳು. ಸೀಸೆಗಳೆಲ್ಲ ಥಳಥಳ ಹೊಳೆಯುತ್ತಿದ್ದವು. ಒಂದರ ಮೇಲೂ ಕಾಗದದ ಚೂರಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ, "ಚುಚ್ಚಮ್ಮಿ, ಏನು ನೋಡ್ತಾ ಇದ್ದೀಯೆ? ಯಾವತ್ತಿನಂಗೆ ಚುಚ್ಚು" ಎಂದಳು.

"ಇದು ಗಟ್ಟಿ ಮದ್ದು ಅನ್ನಂಗದೆ ಅಜ್ಜಿ. ಹೆಚ್ಚಾಗ್ಬುಟ್ರೆ?"

ಹೆಚ್ಚಾದರೆ ಏನಾಗುವುದೆಂದು ಇಬ್ಬರಿಗೂ ಗೊತ್ತಿತ್ತು. ಹಿಂದೊಮ್ಮೆ ಸಂಜೆ ಸೂಜಿ ಚುಚ್ಚಿಸಿಕೊಂಡ ಗಂಗಾಂಬಿಕೆ ಉಣ್ಣದೆ ನಿದ್ದೆಹೋಗಿದ್ದಳು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಹಲ್ಲು ಕಚ್ಚಿಕೊಂಡು ಕಣ್ಣು ಮೇಲಾಗಿತ್ತು. ಬೆಲ್ಲದ ನೀರನ್ನು ಹಲ್ಲಿನ ಸಂದಿಯಲ್ಲಿ ಬಿಟ್ಟು ಬಿಟ್ಟು ಮಗುವನ್ನು ವಾಪಸು ಕರೆಸಿಕೊಂಡಿದ್ದರು. ಅದು ಊಟ ತಪ್ಪಿದ್ದಕ್ಕೆ. ಮದ್ದೇ ಹೆಚ್ಚಾದರೆ ಬೆಲ್ಲದ ನೀರು ಎಲ್ಲಿಗೆ ಸಾಲುತ್ತದೆ? ಕೊಡದಿದ್ದರೆ ಬಾಳೆಹಣ್ಣಿನ ವಾಸನೆ ಗಳಿಗೆ ಗಳಿಗೆಗೆ ಏರುತ್ತಿದೆ. ಎರಡು ಕಡೆಯೂ ಬಾವಿ, ನಡುವೆ ಕಾಲಿಡುವಷ್ಟು ಬದು. ಆ ಬದು ಎಲ್ಲಿದೆಯೆಂದು ಹೇಳಬೇಕಾದ ಚೀಟಿ ಎಂಟು ಎಂದು ಹೇಳಿ ಸುಮ್ಮನಾಗಿದೆ.

ಮೈಸೂರಿನ ಬಸ್ಸು ಬೆಳಗ್ಗೆಯೇ ಹೋಗಿತ್ತು, ಇನ್ನು ನಾಳೆಯೇ. ಮದ್ದು ತಂದ ಬಸ್ಸು ಮಾತ್ರ ಇನ್ನೇನು ಚಾಮರಾಜನಗರಕ್ಕೆ ತಿರುಗುವುದರಲ್ಲಿತ್ತು. ಅಲ್ಲಿ ಆಸ್ಪತ್ರೆಯಿದೆ, ಡಾಕ್ಟರಿದ್ದಾರೆ. ಶಾಂತಮಲ್ಲಮ್ಮ ಸಿರಿಂಜು, ಬಾಟಲಿ, ಚೀಟಿ, ಮೂತ್ರ ಪರೀಕ್ಷೆಯ ನೀಲಿ ನೀರು, ಒಂದು ಉಂಡೆ ಬೆಲ್ಲ, ಇಷ್ಟನ್ನು ಚೀಲಕ್ಕೆ ಹಾಕಿ ತಂಗಿಯನ್ನು ಸೊಂಟಕ್ಕೆ ಎತ್ತಿಕೊಂಡಳು. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡ ಕೂಸು ಅದು. ಅದನ್ನು ಎತ್ತಿಕೊಳ್ಳುವುದಕ್ಕೆಂದೇ ಅವಳು ಸ್ಕೂಲು ಬಿಟ್ಟದ್ದು. ಅವತ್ತಿನಿಂದ ಆ ಸೊಂಟ ಅದಕ್ಕೇ ಆಗಿತ್ತು.

ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಗಂಗಾಂಬಿಕೆ ಮತ್ತೆ ಕಕ್ಕಿದಳು. ಸಂತೆಯ ಮೂಟೆಗಳ ನಡುವೆ ಕೂತಿದ್ದ ಹೆಂಗಸೊಬ್ಬಳು ಕಾಲೆತ್ತಿಕೊಂಡು, "ದೃಷ್ಟಿಯಾಗದೆ, ಮೆಣಸಿನಕಾಯಿ ಇಳೆ ತೆಗೀರವ್ವ" ಎಂದಳು. ಜೊತೆಗೆ ಬಂದಿದ್ದ ಅಜ್ಜಿ ಸೆರಗಿನಿಂದ ಮಗುವಿನ ಬಾಯಿ ಒರೆಸಿದಳು. ಮಗು ಅಕ್ಕನ ಕತ್ತಿಗೆ ಮುಖ ಒತ್ತಿ, "ಅಕ್ಕಾ, ಇನ್ನೆಷ್ಟು ದೂರ" ಎಂದಿತು. ದನಿ ಬಾವಿಯೊಳಗಿನಿಂದ ಬಂದಂತಿತ್ತು.

*

"ಡಾಕ್ಟ್ರಿಲ್ಲ ಕಣಮ್ಮ" ಎಂದರು ಆಸ್ಪತ್ರೆಯ ಕಾಂಪೌಂಡರ್ ಶಿವರುದ್ರಸ್ವಾಮಿ. "ಉಮ್ಮತ್ತೂರು ಕಡೆ ವಾಂತಿಭೇದಿ ಬಂದದೆ. ಊರೂರು ತಿರುಗ್ತಾ ಅವ್ರೆ. ಬರೋದು ನಾಳೆ ಹೊತ್ತಾರೆಗೇ."

ಅಜ್ಜಿಯೇ ಎಲ್ಲ ಹೇಳಿದಳು. ಶಿವರುದ್ರಸ್ವಾಮಿ ಹಣೆಯ ವಿಭೂತಿ ಬೆವರಿಗೆ ಕರಗುತ್ತಿದ್ದ, ದಯೆಯಿದ್ದ ಮನುಷ್ಯ. ಮಗುವನ್ನು ವೆರಾಂಡದ ಕೊನೆಯ ಮಂಚಕ್ಕೆ ಹಾಕಿಸಿ, ತೆಳು ಗಂಜಿ ತರಿಸಿದರು. ಚೀಟಿ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಎಂಟು ಅಂತ ಬರ್ದವ್ರೆ. ಸಿರಿಂಜಲ್ಲಿ ಗೆರೆ ಅವೆ. ಎಂಟನೇ ಗೆರೆಗೆ ಎಳಿಯೋದು. ಇನ್ನೇನು?"

ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ನರ್ಸು ಸುಂದ್ರಮ್ಮ ತಿರುಗಿದಳು. "ಏನ್ ಸ್ವಾಮಿ ನೀವು. ಇನ್ಸುಲಿನ್‌ಗೆ ಗೆರೆ ಲೆಕ್ಕ ಅಲ್ಲ, ಯೂನಿಟ್ ಲೆಕ್ಕ, ಮದ್ದಿನ ಬಲದ ಲೆಕ್ಕ. ಈ ಬಾಟ್ಲಿ ಎಂಬತ್ತರದು. ಅಂದ್ರೆ ಈ ಸಿರಿಂಜಲ್ಲಿ ಒಂದೊಂದು ಗೆರೆಗೂ ನಾಲ್ಕು ಯೂನಿಟ್. ಎಂಟು ಯೂನಿಟ್ ಬೇಕು ಅಂದ್ರೆ ಎರಡೇ ಗೆರೆ."

"ಮೈಸೂರ್ನಲ್ಲಿ ಎಂಟು ಗೆರೆ ಎಳಿ ಅಂದವ್ರಲ್ಲ ಮತ್ತೆ?"

"ಅದು ಆ ಬಾಟ್ಲೀಗೆ."

"ಆ ಬಾಟ್ಲಿ ಎಷ್ಟರದು?"

ಇಬ್ಬರೂ ಶಾಂತಮಲ್ಲಮ್ಮನ ಕಡೆ ನೋಡಿದರು. ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಎಂಟು ಗೆರೆ ಎಳುದ್ರೆ ಇದ್ರಲ್ಲಿ ಮೂವತ್ತೆರಡು ಯೂನಿಟ್ ಓಯ್ತದೆ" ಎಂದಳು ಸುಂದ್ರಮ್ಮ. "ಇಷ್ಟುದ್ದದ ಮಗೀಗೆ. ಆಮೇಲೆ ಎತ್ಕಂಡು ಓಗೋದೇ."

"ಎರಡು ಗೆರೆ ಕೊಟ್ಟು ಸಾಲ್ದೆ ಓದ್ರೆ?" ಎಂದರು ಶಿವರುದ್ರಸ್ವಾಮಿ. "ಉಸಿರು ನೋಡಿ, ಎಂಗ್ ಎಳೀತದೆ."

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಇಬ್ಬರ ಮಾತೂ ಸರಿಯೆಂದೇ ಕಾಣುತ್ತಿತ್ತು, ಅದೇ ಭಯ. ಕೊನೆಗೆ ಸುಂದ್ರಮ್ಮ ಬಟ್ಟೆಯ ಗಂಟು ಎತ್ತಿಕೊಂಡು, "ಡಾಕ್ಟ್ರು ಹೇಳ್ದೆ ನಾನಂತೂ ಚುಚ್ಚಲ್ಲ. ಕಲ್ತಿರೋದೇ ಅದು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಶಿವರುದ್ರಸ್ವಾಮಿಯೂ ನಾನು ಚುಚ್ಚುತ್ತೇನೆ ಎನ್ನಲಿಲ್ಲ.

ಮದ್ದು ಮಾರಿದವರನ್ನಾದರೂ ಕೇಳೋಣವೆಂದು ಶಾಂತಮಲ್ಲಮ್ಮ ಒಬ್ಬಳೇ ಪೇಟೆಬೀದಿಗೆ ನಡೆದಳು. ಜೀವಮಾನದಲ್ಲಿ ಒಬ್ಬಳೇ ಒಂದು ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಮದ್ದಿನಂಗಡಿಯ ಲಿಯಾಕತ್ ಅಲಿ ಸಾಹೇಬರು ಶುಕ್ರವಾರದ ನಮಾಜಿಗೆಂದು ಟೋಪಿ ಹಾಕಿಕೊಂಡು ಅಂಗಡಿಯ ಹಲಗೆ ಜೋಡಿಸುತ್ತಿದ್ದರು. ಬಾಟಲಿ ಹಿಡಿದು ಮಾತಿಲ್ಲದೆ ನಿಂತ ಹುಡುಗಿಯನ್ನು ನೋಡಿ ಹಲಗೆ ಕೆಳಗಿಟ್ಟರು.

"ಗುಂಡ್ಲುಪೇಟೆಗೆ ಕಳ್ಸಿದ್ದಲ್ವಾ ಇದು? ಏನಾಯ್ತು ಬೇಟಿ?"

ಅವಳು ಹೇಳಿದಳು. ಸಾಹೇಬರು ಕೇಳಿಸಿಕೊಂಡು ಒಳಗಿನಿಂದ ಇನ್ನೆರಡು ಬಾಟಲಿ ತಂದು ಅವಳದರ ಪಕ್ಕ ಇಟ್ಟರು.

"ನೋಡು, ಮೂರು ಥರ ಬರ್ತದೆ. ಇಪ್ಪತ್ತರದು, ನಲವತ್ತರದು, ಎಂಬತ್ತರದು. ನಿನ್ನ ಹಳೇದು ಇಪ್ಪತ್ತು ಇದ್ರೆ ಇದ್ರಲ್ಲಿ ಎರಡು ಗೆರೆ. ನಲವತ್ತು ಇದ್ರೆ ನಾಲ್ಕು. ಎಂಬತ್ತೇ ಇದ್ದಿದ್ರೆ ಎಂಟು. ಯಾವುದಿತ್ತು? ನೆನಪು ಮಾಡ್ಕೋ."

ಶಾಂತಮಲ್ಲಮ್ಮ ನೋಡಿದಳು. ನಡುವಿನ ನಲವತ್ತರ ಬಾಟಲಿಯ ಮೇಲೆ ಕಣ್ಣು ನಿಂತಿತು. ಇದೇ ಇರಬೇಕು. ಆ ದುಂಡು ಸೊನ್ನೆ ನೋಡಿದಂತಿದೆ. ಬೆರಳು ಅರ್ಧ ಮುಂದೆ ಹೋಯಿತು. ನಿಜವಾಗಿ ನೋಡಿದ್ದೆನೆ, ಇಲ್ಲ ಎರಡಕ್ಕೂ ಎಂಟಕ್ಕೂ ಹೆದರಿ ನಡುವಿನದನ್ನು ಹಿಡಿಯುತ್ತಿದ್ದೇನೆಯೆ? ಸೊನ್ನೆ ಮೂರು ಬಾಟಲಿಯಲ್ಲೂ ಇತ್ತು. ಬೆರಳನ್ನು ಹಿಂದೆಳೆದುಕೊಂಡಳು.

"ಗೊತ್ತಾಯ್ತಿಲ್ಲ" ಎಂದಳು. ಅಳು ಬಂತು.

ಸಾಹೇಬರು ತಮ್ಮ ಎರಡು ಬಾಟಲಿಗಳನ್ನು ಈಚೆಗೆ ಎಳೆದುಕೊಂಡರು. "ನಾನೂ ನಲವತ್ತು ಇರ್ಬೋದು ಅಂತ ಬಾಯಲ್ಲಿ ಹೇಳ್ಬೋದು ಬೇಟಿ. ಆದ್ರೆ ನಾನು ಮದ್ದು ಮಾರೋನು. ಊಹೆ ಮಾರೋ ಅಂಗಡಿ ಅಲ್ಲ ಇದು." ಬಾಂಗಿನ ಕೂಗು ಕೇಳಿತು. ಅವರು ಹಲಗೆ ಎತ್ತಿಕೊಂಡು, "ನಮಾಜಲ್ಲಿ ನಿನ್ನ ತಂಗಿಗೂ ಸೇರಿಸಿ ಕೇಳ್ಕೋತೀನಿ. ಹೆಸರೇನು?" ಎಂದರು.

"ಗಂಗಾಂಬಿಕೆ."

ಅವರು ಅದನ್ನು ಒಂದು ಸಲ ಬಾಯಲ್ಲಿ ಹೇಳಿಕೊಂಡು ಹೋದರು.

*

ವಾಪಸು ಬರುವಾಗ ಅವಳಿಗೆ ಬಿಸಿಲಾಗಲಿ ಬೀದಿಯ ಜನರಾಗಲಿ ಕಾಣಲಿಲ್ಲ. ಎರಡು, ನಾಲ್ಕು, ಎಂಟು. ಒಂದರಲ್ಲಿ ತಂಗಿ ಇದ್ದಾಳೆ, ಉಳಿದ ಎರಡರಲ್ಲಿ ಇಲ್ಲ. ಯಾವುದೆಂದು ಬಲ್ಲವರು ಮೈಸೂರಿನಲ್ಲಿದ್ದಾರೆ. ಅಪ್ಪ ಘಾಟಿಯ ಆಚೆ ಇದ್ದಾರೆ. ಈಚೆ ಇರುವವಳು ತಾನು ಒಬ್ಬಳೇ, ಮೂರನೆಯ ಕ್ಲಾಸಿನವಳು.

ವೆರಾಂಡದಲ್ಲಿ ಅಜ್ಜಿ ಮೂಲೆಗೆ ತಿರುಗಿ ಕೂತು ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸುತ್ತಿದ್ದಳು. ಬೆಳಗಿನಿಂದ ಅದು ತಪ್ಪಿ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಈಗಲೂ ಕುಡಿಯಲಿಲ್ಲ. ಸುಂದ್ರಮ್ಮ ತಂದುಕೊಟ್ಟ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು, ಅದಕ್ಕೆ ಉಪ್ಪಿನ ಮರಿಗೆಯಿಂದ ಒಂದು ಚಿಟಿಕೆ ಹಾಕಿ, ನಾಲಗೆಗೆ ಮುಟ್ಟಿಸಿ ನೋಡಿ, ಇನ್ನೊಂದು ಚಿಟಿಕೆ ಹಾಕಿದಳು.

"ಏನಜ್ಜಿ, ಇನ್ನೂ ರುಚಿ ನೋಡ್ತಾ ಕೂತಿದ್ದೀಯ" ಎಂದಳು ಶಾಂತಮಲ್ಲಮ್ಮ. ಅವಳಿಗೆ ಸಿಟ್ಟು ಬಂದಿತ್ತು. ಹೊಳೆಯುವ ಸೀಸೆಗಳ ಸಿಟ್ಟು ಅದು.

"ಮಗೀಗೆ ಕಣಮ್ಮಿ. ಆಸ್ಪತ್ರೆ ಉಪ್ಪು, ಎಷ್ಟು ಬಿರುಸೋ ನಂಗೇನು ಗೊತ್ತು. ಗೊತ್ತಿಲ್ದ ಉಪ್ಪ ಸೇರಲ್ಲಿ ಸುರೀತಾರಾ? ಚಿಟಿಕೆ ಆಕೋದು, ನಾಲಗೆ ಕೇಳೋದು. ಸಾಲ್ದಿದ್ರೆ ಇನ್ನೊಂದು ಚಿಟಿಕೆ. ಆಕುದ್ದ ತಗಿಯಕ್ಕಾಯ್ತದಾ?" ಅಜ್ಜಿಯ ದನಿ ಒಡೆಯಿತು. "ನಾ ತಿಕ್ಕುದ್ದ ಮತ್ತೆ ಬರಿಯಕ್ಕಾಯ್ತದಾ?"

ಶಾಂತಮಲ್ಲಮ್ಮ ಬಟ್ಟಲಿನ ಮುಂದೆ ಕೂತಳು.

ಹಾಕಿದ್ದನ್ನು ತೆಗೆಯಲಾಗದು. ಸಾಲದಿದ್ದರೆ ಇನ್ನೊಂದು ಚಿಟಿಕೆ ಹಾಕಬಹುದು. ಯಾರ ಲೆಕ್ಕದಲ್ಲೂ ಎರಡು ಗೆರೆ ಹೆಚ್ಚಲ್ಲ. ಸಾಲದೆ ಹೋಗಬಹುದು, ಕೊಲ್ಲಲಾರದು. ಸಾಲಿತೋ ಇಲ್ಲವೋ ಎಂದು ಕೇಳುವುದಕ್ಕೆ ನಾಲಗೆ? ಅದೂ ಇತ್ತು, ಚೀಲದಲ್ಲಿ. ನೀಲಿ ನೀರಿಗೆ ನಾಲ್ಕು ಹನಿ ಮೂತ್ರ ಹಾಕಿ ಕಾಸಿದರೆ ಮೈಯಲ್ಲಿ ಸಕ್ಕರೆ ಉಕ್ಕುತ್ತಿದ್ದಾಗ ಇಟ್ಟಿಗೆ ಬಣ್ಣ ಬರುತ್ತದೆ. ಇಳಿದಂತೆ ಕಿತ್ತಳೆ, ಹಳದಿ, ಹಸಿರು. ಏನೂ ಇಲ್ಲದಿದ್ದರೆ ನೀಲಿ ನೀಲಿಯಾಗೇ ಉಳಿಯುತ್ತದೆ. ಮೈಸೂರಿನಲ್ಲಿ ಅದನ್ನು ಕಲಿಸಿದ್ದರು.

ಸರಿಯೇ, ಆದರೆ ಚಿಟಿಕೆ ಹಾಕುತ್ತ ಕೂತರೆ ಮಗು ಅಷ್ಟು ಹೊತ್ತು ತಡೆದೀತೆ? ಅದನ್ನು ಯಾವ ಬಣ್ಣವೂ ಹೇಳುವುದಿಲ್ಲ. ಅವಳು ತಂಗಿಯ ಮುಖ ನೋಡಿದಳು. ತುಟಿ ಬಿರಿದಿತ್ತು. ಪಕ್ಕೆಲುಬು ತಿದಿಯಂತೆ ಏರಿಳಿಯುತ್ತಿತ್ತು.

ಶಿವರುದ್ರಸ್ವಾಮಿಯ ಮುಂದೆ ಹೋಗಿ, ನೆಲ ನೋಡುತ್ತ, "ಸ್ಪಿರಿಟ್ ದೀಪ ಬೇಕು. ಗಾಜಿನ ಕೊಳವೆ ಇದ್ರೆ ಕೊಡಿ. ನಾನೇ ಚುಚ್ತೀನಿ, ಎರಡು ಗೆರೆ" ಎಂದಳು.

ಅವರು ಅವಳನ್ನು ನೋಡಿ, ಸುಂದ್ರಮ್ಮನನ್ನು ನೋಡಿ, ಬೀರುವಿನ ಬೀಗ ತೆಗೆದರು.

ಎರಡು ಗೆರೆ ಎಳೆದಾಗ ಸಿರಿಂಜಿನಲ್ಲಿ ಮದ್ದು ಇದೆಯೋ ಇಲ್ಲವೋ ಎನ್ನುವಷ್ಟಿತ್ತು. ಇಷ್ಟು ಹನಿಗೆ ಇಷ್ಟು ದೂರ ಬಂದೆವೆ ಎನಿಸಿತು. ಚುಚ್ಚಿದಳು. ಗಂಗಾಂಬಿಕೆ ಎಂದಿನಂತೆ "ಉಸ್" ಅನ್ನಲಿಲ್ಲ, ಅದೇ ದೊಡ್ಡ ನೋವಾಯಿತು ಅಕ್ಕನಿಗೆ. ಮೊದಲ ಕೊಳವೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ತಳದಲ್ಲಿ ಕೆಸರು ಕೂತಿತು. ಅದನ್ನು ಚೆಲ್ಲದೆ ಕಿಟಕಿಯ ಕಟ್ಟೆಗೆ ಒರಗಿಸಿದಳು. ಈ ಸಲ ಗುರುತು ಕಳೆಯುವುದು ಬೇಡ.

ಬಿಸಿಲು ವೆರಾಂಡದ ಕಂಬ ದಾಟಿ ಹೋಯಿತು. ಚಮಚ ಚಮಚವಾಗಿ ಗಂಜಿ ಇಳಿಯಿತು, ಅರ್ಧ ವಾಪಸು ಬಂತು. ಎರಡನೆಯ ಕೊಳವೆ ಕಾಸಿದಾಗಲೂ ಇಟ್ಟಿಗೆಯದೇ ಬಣ್ಣ. ಶಾಂತಮಲ್ಲಮ್ಮ ಅದನ್ನು ಮೊದಲನೆಯದರ ಪಕ್ಕ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು. ಒಂದು ಎಳೆಯಷ್ಟೂ ಬೇರೆ ಕಾಣಲಿಲ್ಲ. "ಸಾಲ್ದು ಕಣಮ್ಮ" ಎಂದರು ಶಿವರುದ್ರಸ್ವಾಮಿ ಮೆಲ್ಲನೆ. ದೀಪ ಹಚ್ಚುವ ಹೊತ್ತಿಗೆ ಮತ್ತೆ ಎರಡು ಗೆರೆ ಚುಚ್ಚಿದಳು.

ಆಮೇಲೆ ಕಾಯುವುದು. ಎರಡು ಚಿಟಿಕೆ ಒಟ್ಟಾಗಿ ಹೆಚ್ಚಾದರೆ ಎಂಬ ಹೊಸ ಹೆದರಿಕೆ ಈಗ ಮಂಚದ ಆ ಬದಿಗೆ ಬಂದು ಕೂತಿತ್ತು. ಅವಳು ಒಂದು ಕೈಯಲ್ಲಿ ಬೆಲ್ಲ ಹಿಡಿದು, ಇನ್ನೊಂದನ್ನು ತಂಗಿಯ ಹಣೆಯ ಮೇಲಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಆ ಕೈ ಒದ್ದೆಯಾಯಿತು.

ಬೆವರು.

ಹಣೆ, ಕತ್ತು, ಕಂಕುಳು, ಎಲ್ಲ ಒದ್ದೆ. ಬೆಲ್ಲ ಮುರಿದು ತುಟಿಯ ಸಂದಿಗೆ ತುರುಕಹೋದಳು. ಕೊಟ್ಟರೆ, ಬೇಡದ ಬೆಲ್ಲವಾದರೆ, ಇಷ್ಟು ಹೊತ್ತಿನದೆಲ್ಲ ನೀರಿನಲ್ಲಿ ಹೋಮ. ಕೊಡದಿದ್ದರೆ, ಹಲ್ಲು ಕಚ್ಚಿಕೊಂಡ ಮೇಲೆ ಯಾರು ಬಿಡಿಸುತ್ತಾರೆ?

"ಗಂಗೀ. ಗಂಗೀ. ಕಣ್ಣು ಬುಡವ್ವ."

ಹುಡುಗಿ ಕಣ್ಣು ಬಿಟ್ಟಳು. ಅಕ್ಕನನ್ನು ನೋಡಿದಳು, ಬೆಲ್ಲವನ್ನು ನೋಡಿದಳು.

"ಕಂಬಳಿ ತಗಿಯಕ್ಕ" ಎಂದಳು. "ಅಜ್ಜಿ ಎರಡೆರಡ ಹೊದಿಸವ್ಳೆ. ಬೇಯ್ತಾ ಇವ್ನಿ."

ಶಾಂತಮಲ್ಲಮ್ಮ ಎರಡು ಕಂಬಳಿಯನ್ನೂ ಕಿತ್ತು ನೆಲಕ್ಕೆ ಹಾಕಿದಳು. ಕೂತಲ್ಲೇ ಸೆರಗು ಬಾಯಿಗೆ ತುರುಕಿಕೊಂಡಳು.

ಆ ರಾತ್ರಿ ಕಳೆದದ್ದು ಹೇಗೆಂದು ಅವಳಿಗೆ ಆಮೇಲೆ ನೆನಪಿರಲಿಲ್ಲ. ಮೂರನೆಯ ಕೊಳವೆ ಕಿತ್ತಳೆಗೆ ಬಂದದ್ದು, ಮತ್ತೆ ಎರಡು ಗೆರೆ ಚುಚ್ಚಿದ್ದು, ಸುಂದ್ರಮ್ಮ ಮನೆಗೆ ಹೋಗದೆ ದೀಪದ ಪಕ್ಕ ಕೂತು ತೂಕಡಿಸಿದ್ದು, ಇಷ್ಟೇ ನೆನಪು. ಹಕ್ಕಿ ಕೂಗುವ ಹೊತ್ತಿಗೆ ತಂಗಿಯ ಬಾಯ ಹತ್ತಿರ ಮೂಗಿಟ್ಟು ನೋಡಿದಳು. ಬಾಳೆಹಣ್ಣಿನ ವಾಸನೆ ಇತ್ತು, ಪಕ್ಕದ ಕೋಣೆಯಿಂದ ಬಂದಷ್ಟು ಇತ್ತು.

*

ಡಾಕ್ಟರು ಬಂದಾಗ ಬೆಳಗಿನ ಬಿಸಿಲು ಕಿಟಕಿಯ ಕಟ್ಟೆಗೆ ಬಿದ್ದಿತ್ತು. ಮೊಣಕಾಲಿನವರೆಗೆ ಕೆಸರು, ಎರಡು ದಿನದ ಗಡ್ಡ. ಶಿವರುದ್ರಸ್ವಾಮಿ ಹೇಳಿದ್ದನ್ನು ನಿಂತೇ ಕೇಳಿ ಮಗುವಿನ ನಾಲಗೆ ನೋಡಿದರು, ಉಸಿರು ಮೂಸಿದರು, ಚೀಟಿ ಓದಿದರು.

"ಹಳೇ ಬಾಟ್ಲಿ ತಂದಿದ್ದೀರಾ?"

ಅಜ್ಜಿ ಕೈಮುಗಿದಳು. "ತಿಕ್ಕಿ ಹರಳೆಣ್ಣೆ ತುಂಬಿವ್ನಿ ಸ್ವಾಮಿ. ಕಾಯಿಲೆ ಗುರ್ತು ಬ್ಯಾಡ ಅಂತ."

ಡಾಕ್ಟರು ಚೀಟಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ಹಿಂಬದಿಯೂ ಬರಿದಾಗಿತ್ತು. "ಹಾಗಾದ್ರೆ ಈ ಎಂಟು ಏನು ಅಂತ ನನಗೂ ಗೊತ್ತಿಲ್ಲಮ್ಮ" ಎಂದರು.

ಶಾಂತಮಲ್ಲಮ್ಮನಿಗೆ ನೆಲ ಬಿರಿದಂತಾಯಿತು. ಬೆಳಗಾದರೆ ಬರುತ್ತಾರೆ, ಬಂದರೆ ಹೇಳುತ್ತಾರೆ ಎಂದು ಇಡೀ ರಾತ್ರಿ ಹಿಡಿದುಕೊಂಡಿದ್ದ ಒಂದೇ ಹಗ್ಗ ಅದು. ಅವರಿಗೂ ಗೊತ್ತಿಲ್ಲ. ಹಾಗಾದರೆ ಯಾರಿಗೂ ಗೊತ್ತಿಲ್ಲ.

ಡಾಕ್ಟರ ಕಣ್ಣು ಕಿಟಕಿಯ ಕಡೆ ಹೋಯಿತು. ಕೊಳವೆಗಳು ಸಾಲಾಗಿ ಒರಗಿದ್ದವು: ಇಟ್ಟಿಗೆ, ಇಟ್ಟಿಗೆ, ಕಿತ್ತಳೆ, ಕೊನೆಯದು ಹಸಿರಿಗೆ ತಿರುಗಿದ ಹಳದಿ. ಅವರು ಹತ್ತಿರ ಹೋಗಿ ಒಂದೊಂದನ್ನೇ ಬೆಳಕಿಗೆ ಎತ್ತಿದರು.

"ಇವುಗಳ ನಡುವೆ ಏನೇನು ಕೊಟ್ರಿ?"

ಅಜ್ಜಿ ಬಾಯಿ ತೆರೆದಳು. ಅವಳಿಗೆ ಗೊತ್ತಿರಲಿಲ್ಲ. ಶಾಂತಮಲ್ಲಮ್ಮನೇ ಹೇಳಬೇಕಾಯಿತು. ಯಾವ ಕೊಳವೆಯ ಮುಂಚೆ ಎರಡು ಗೆರೆ, ಯಾವುದರ ಆಮೇಲೆ ಎರಡು, ಯಾವಾಗ ಗಂಜಿ ನಿಂತಿತು, ಯಾವಾಗ ಬೆವರಿತು, ಬೆವರು ಯಾತರದು. ಹೇಳುತ್ತ ಹೇಳುತ್ತ ಅವಳು ನೆಲ ನೋಡುವುದನ್ನು ಮರೆತಿದ್ದಳು. ಡಾಕ್ಟರು ನಡುವೆ ಎರಡು ಪ್ರಶ್ನೆ ಕೇಳಿದರು, ಎರಡಕ್ಕೂ ಉತ್ತರವಿತ್ತು.

"ಎರಡು ಗೆರೆ ಈ ಮೈಗೆ ಏನೂ ಸಾಲದು" ಎಂದರು ಕೊನೆಗೆ. "ಎಂಟು ಕೊಟ್ಟಿದ್ರೆ ನಾನು ಬರೋದ್ರೊಳಗೆ ಮುಗೀತಿತ್ತು. ಈ ಕೊಳವೆಗಳು ಹೇಳೋದು ನೋಡಿದ್ರೆ ಹಳೇದು ನಲವತ್ತರದೇ ಇರಬೇಕು. ಇನ್ನು ಹೊತ್ತಿಗೆ ನಾಲ್ಕು ಕೊಟ್ಟು ನೋಡೋಣ. ನಾಲ್ಕು ದಿನ ಇಲ್ಲೇ ಇರಿ. ನೀಲಿ ಬಂದ್ರೆ ನನ್ನ ಕರೀರಿ."

ಜೇಬಿನಿಂದ ಪೆನ್ನು ತೆಗೆದು ಹೊಸ ಚೀಟಿಯಲ್ಲಿ ಬರೆದು ಅವಳ ಕೈಗಿತ್ತರು. ಅವಳು ನೋಡಿದಳು. ಇಂಗ್ಲಿಷು ಸಾಲು, ಅದರ ಕೊನೆಗೆ ಅಂಕಿ ನಾಲ್ಕು, ನಾಲ್ಕರ ಪಕ್ಕ ಬರಿದು ಜಾಗ.

ಡಾಕ್ಟರು ಆಗಲೇ ಮುಂದಿನ ಮಂಚದ ಕಡೆ ತಿರುಗಿದ್ದರು. ಅಷ್ಟು ದೊಡ್ಡ ಮನುಷ್ಯರನ್ನು ಹಿಂದಿನಿಂದ ಕರೆಯುವುದು ಹೇಗೆ? ಗಂಗಾಂಬಿಕೆ ಮಂಚದಿಂದ ಅವಳನ್ನೇ ನೋಡುತ್ತಿದ್ದಳು.

"ಸ್ವಾಮಿ."

ಅವರು ತಿರುಗಿದರು.

"ಈ ನಾಲ್ಕರ ಪಕ್ಕ ಗೆರೆ ಅಂತ ಬರ್ಕೊಡಿ. ನಂಗೆ ಓದಕ್ಕೆ ಬರಂಗೆ, ಕನ್ನಡದಲ್ಲಿ."

ಡಾಕ್ಟರು ಚೀಟಿ ಇಸಿದುಕೊಂಡು ಗೆರೆ ಎಂದು ಬರೆದರು. ಕೊಡಲು ಬಂದರು. ಅವಳು ಕೈ ಚಾಚಲಿಲ್ಲ.

"ಯಾವ ಬಾಟ್ಲಿ ಅಂತಾನೂ."

ಅವರು ಬಾಟಲಿಯ ಅಂಕಿಯನ್ನೂ ಬರೆದರು. ಒಂದು ಗಳಿಗೆ ಯೋಚಿಸಿ, ಬೇರೆ ಅಂಕಿಯ ಬಾಟಲಿ ಬಂದರೆ ಚುಚ್ಚುವ ಮೊದಲು ಬಂದು ಕೇಳಿ ಎಂದು ಅದರ ಕೆಳಗೆ ತಾವಾಗೇ ಇನ್ನೊಂದು ಸಾಲು ಸೇರಿಸಿದರು. ಈಗ ಚೀಟಿಯಲ್ಲಿ ಬೆರಳಿಡುವಷ್ಟೂ ಜಾಗ ಉಳಿಯಲಿಲ್ಲ. ಶಾಂತಮಲ್ಲಮ್ಮ ಅದನ್ನು ಎರಡು ಸಲ ಓದಿಕೊಂಡು ಮಡಿಸಿದಳು.

ಅಪ್ಪ ಘಾಟಿ ದಾಟಿ ಬರುವ ಹೊತ್ತಿಗೆ ಗಂಗಾಂಬಿಕೆ ಗುಂಡ್ಲುಪೇಟೆಯ ಜಗುಲಿಯಲ್ಲಿ ಕೂತು ಮುದ್ದೆ ಚಿಕ್ಕದಾಯಿತೆಂದು ಜಗಳವಾಡುವಷ್ಟಾಗಿದ್ದಳು. ಆ ಬಾಟಲಿ ಮುಗಿದ ದಿನ ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಬಚ್ಚಲ ಕಡೆ ಹೋದಳು, ಬೂದಿಯ ಗುಡಾಣದ ಹತ್ತಿರ ಸ್ವಲ್ಪ ಹೊತ್ತು ನಿಂತಳು, ವಾಪಸು ಬಂದು ಅದನ್ನು ಹಾಗೇ ದೇವರ ಗೂಡಿನಲ್ಲಿ ಚೀಟಿಯ ಪಕ್ಕ ಇಟ್ಟಳು.

"ಅಕ್ಕಾ, ಬಾ ಇಲ್ಲಿ ನೋಡು" ಎಂದು ಗಂಗಾಂಬಿಕೆ ಒಳಗೆ ಕೂಗಿ ಹೇಳಿದಳು. "ಅಜ್ಜಿ ಒಂದು ಸೀಸೆ ತೊಳೀದೆ ಮಡಗವ್ಳೆ ಕಣಕ್ಕ. ಒಣಗಾಕಿರೋ ಬಟ್ಟೆ ಎತ್ಕೊ, ಮಳೆ ಬತ್ತದೆ."

"ಬಾಯಿ ಮುಚ್ಚಮ್ಮಿ" ಎಂದಳು ಅಜ್ಜಿ.